ಹೆಬ್ಬೆಟ್ಟಿನ ಶಿಸ್ತಿಗೆ ಒಂದು ಪ್ರತ್ಯುತ್ತರ

ಹಾಸನ ಜಿಲ್ಲೆಯ ಗಂಡಸಿ ಹ್ಯಾಂಡ್‌ಪೋಸ್ಟಿನ ಹೋಟೆಲ್ಲಿನಿಂದ ವಿಧಾನಸೌಧದ ಮೊಗಸಾಲೆಯವರೆಗೆ ಎಲ್ಲ ಪಕ್ಷದವರೂ ತಕರಾರಿಲ್ಲದೆ ಒಪ್ಪುವ ಮಾತೊಂದಿದೆ: ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳ ಮೇಷ್ಟ್ರುಗಳಿಗೆ ಶಿಸ್ತಿಲ್ಲ, ಅವರನ್ನು ಬಿಗಿ ಮಾಡಬೇಕು. ಹೀಗೆ ಹೇಳುವವರನ್ನು ಅನುಕೂಲಕ್ಕಾಗಿ ಶಿಸ್ತುವಾದಿಗಳು ಎಂದು ಕರೆಯೋಣ. ಪಾಠ ಮಾಡದೆ ಸಂಬಳ ಎಣಿಸುವ ಅಧ್ಯಾಪಕರು ಇಲ್ಲವೇ ಇಲ್ಲ ಎಂದು ನಾನು ವಾದಿಸಹೊರಟಿಲ್ಲ. ಇದ್ದಾರೆ. ಅವರು ಇಷ್ಟು ಕಾಲ ಹಾಯಾಗಿ ಉಳಿದದ್ದು ಯಾರ ಕೃಪೆಯಿಂದ ಎಂಬುದಷ್ಟೇ ನನ್ನ ಪ್ರಶ್ನೆ. ಶಿಸ್ತುವಾದಿಗಳ ವಾದಗಳನ್ನು ಒಂದೊಂದಾಗಿ, ನೀರು ಬೆರೆಸದೆ ಮುಂದಿಡುತ್ತೇನೆ. ತೀರ್ಪು ಓದುಗರದು.

ಮೊದಲ ವಾದ: ಇವರನ್ನು ಕೇಳುವ ಕಾನೂನೇ ಇಲ್ಲ. ಕಾನೂನಿನ ಪುಸ್ತಕ ತೆರೆಯದಿದ್ದರೆ ಮಾತ್ರ ಇಷ್ಟು ಧೈರ್ಯವಾಗಿ ಹೇಳಬಹುದಾದ ಮಾತಿದು. ಗಂಡಸಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಕಡೆ ಇರುವ ಕಾಯಂ ಅಧ್ಯಾಪಕರು ಸರ್ಕಾರಿ ನೌಕರರು. ತಾಲ್ಲೂಕು ಕಚೇರಿಯ ಗುಮಾಸ್ತರನ್ನು ಕಟ್ಟಿಹಾಕುವ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳೇ ಅವರನ್ನೂ ಕಟ್ಟಿಹಾಕುತ್ತವೆ. ಅದರ 8ನೇ ನಿಯಮದಲ್ಲಿ ವಾಗ್ದಂಡನೆಯಿಂದ ಹಿಡಿದು ವೇತನ ಬಡ್ತಿ ತಡೆ, ನಷ್ಟ ವಸೂಲಿ, ಹಿಂಬಡ್ತಿ, ಕಡ್ಡಾಯ ನಿವೃತ್ತಿ, ವಜಾವರೆಗೆ ದಂಡನೆಗಳು ಸಾಲಾಗಿ ನಿಂತಿವೆ. 10ನೇ ನಿಯಮ ಅಮಾನತಿಗೆ, 11 ಭಾರಿ ದಂಡನೆಯ ವಿಚಾರಣೆಗೆ, 12 ಲಘು ದಂಡನೆಗೆ. ಲೋಕಾಯುಕ್ತರಿಗೆ ವಿಚಾರಣೆ ಒಪ್ಪಿಸಲು 14-ಎ. ನಡತೆಗೆ 1966ರ ನಿಯಮಗಳಿದ್ದವು, ಅವುಗಳ ಜಾಗಕ್ಕೆ 2021ರಲ್ಲಿ ಹೊಸವು ಬಂದವು. ಕೆಲಸಕ್ಕೆ ಸೇರಿದ ಹೊಸತರಲ್ಲೇ ಅಯೋಗ್ಯರನ್ನು ಮನೆಗೆ ಕಳಿಸಲು 1977ರ ಪರೀಕ್ಷಾರ್ಥ ಅವಧಿಯ ನಿಯಮಗಳಿವೆ. ವಿಶ್ವವಿದ್ಯಾಲಯದವರಿಗೆ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಇದೆ, ಅದರ ಕೆಳಗೆ ಪರಿನಿಯಮಗಳಿವೆ, ಶಿಸ್ತುಕ್ರಮಕ್ಕೆ ಸಿಂಡಿಕೇಟ್ ಇದೆ. ಖಾಸಗಿ ಅನುದಾನಿತ ಕಾಲೇಜಿನವರಿಗೆಂದು 1975ರಲ್ಲೇ ಬೇರೆ ಕಾಯ್ದೆ ಬಂತು, ಮೇಲ್ಮನವಿ ನ್ಯಾಯಮಂಡಳಿಯೂ ಬಂತು. ಒಂದೇ ಜಿಲ್ಲೆಯಲ್ಲಿ ಒಂದೇ ಇತಿಹಾಸ ಪಾಠ ಹೇಳುವ ಮೂವರಿಗೆ ಮೂರು ಕಾನೂನು. ಇಷ್ಟಿದ್ದೂ ಪಾಠ ಮಾಡದವನೊಬ್ಬ ನಿವೃತ್ತಿಯವರೆಗೆ ನೆಮ್ಮದಿಯಿಂದ ಇದ್ದರೆ, ಕಾನೂನು ಸಾಲದೆ ಹಾಗಾಗಲಿಲ್ಲ. ಕಾನೂನನ್ನು ಕೈಗೆತ್ತಿಕೊಳ್ಳಬೇಕಾದವರು ಎತ್ತಿಕೊಳ್ಳಲಿಲ್ಲ. ಆ ಮೇಲಧಿಕಾರಿಯ ಮೇಲೆ ಯಾವ ಕ್ರಮ ಎಂದು ಕೇಳಿದರೆ ಶಿಸ್ತುವಾದಿಗಳು ಮಾತು ಬದಲಿಸುತ್ತಾರೆ.

ಎರಡನೆಯದು ಲೆಕ್ಕದ ವಾದ: ವಾರಕ್ಕೆ 16 ಗಂಟೆ ಕೆಲಸ, ಲಕ್ಷದ ಹತ್ತಿರ ಸಂಬಳ. ಅರ್ಧ ಓದಿ ಇಟ್ಟ ನಿಯಮದಿಂದ ಹುಟ್ಟಿದ ಲೆಕ್ಕವಿದು. ಯುಜಿಸಿಯ 2018ರ ನಿಯಮಾವಳಿಯಲ್ಲಿ 16 ಗಂಟೆ ಇರುವುದು ನಿಜ, ಅದು ಸಹಾಯಕ ಪ್ರಾಧ್ಯಾಪಕರು ತರಗತಿಯಲ್ಲಿ ನೇರವಾಗಿ ಕಲಿಸಬೇಕಾದ ಅವಧಿ. ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ಅದೇ ಕಡೆ ಒಟ್ಟು ಕಾರ್ಯಭಾರ ವಾರಕ್ಕೆ 40 ಗಂಟೆಗೆ ಕಡಿಮೆ ಇರಕೂಡದು, ದಿನಕ್ಕೆ ಕನಿಷ್ಠ 5 ಗಂಟೆ ಕಾಲೇಜಿನಲ್ಲಿ ಸಿಗಬೇಕು ಎಂದೂ ಇದೆ. ಆ ಸಾಲುಗಳ ಮೇಲೆ ಶಿಸ್ತುವಾದಿಗಳ ಕಣ್ಣು ನಿಲ್ಲುವುದಿಲ್ಲ. ಅಧಿವೇಶನ ಕೂತ ಗಂಟೆಗಳನ್ನಷ್ಟೇ ಎಣಿಸಿ ಶಾಸಕರ ಕೆಲಸ ಅಳೆಯಲು ಇವರು ಒಪ್ಪುತ್ತಾರೆಯೇ? ಇನ್ನು, ಹಳ್ಳಿಗಾಡಿನ ಸರ್ಕಾರಿ ಕಾಲೇಜಿನ ಒಂದು ಸಾಧಾರಣ ದಿನ ನೋಡಿ. ಎರಡು ತರಗತಿ ಮುಗಿಸಿದ ಅಧ್ಯಾಪಕಿ ಸ್ಟಾಫ್ ರೂಮಿಗೆ ಬಂದರೆ, ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್ಲಿಗೆ ಆಂತರಿಕ ಅಂಕ ಏರಿಸಬೇಕು, ನೆಟ್‌ವರ್ಕ್ ಇಲ್ಲ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆಧಾರ್ ಹೆಸರು ಹೊಂದುತ್ತಿಲ್ಲವೆಂದು ಇಬ್ಬರು ಹುಡುಗಿಯರು ಬಾಗಿಲಲ್ಲಿ ನಿಂತಿದ್ದಾರೆ. ನ್ಯಾಕ್ ಸಮಿತಿಗೆ ಐದು ವರ್ಷದ ಫೋಟೊ, ವರದಿ ಜೋಡಿಸುವ ಫೈಲು ಮೇಜಿನ ಮೇಲಿದೆ. ಅಷ್ಟರಲ್ಲಿ ಚುನಾವಣಾ ತರಬೇತಿಗೆ ಹೊರಡುವಂತೆ ಆದೇಶ. ಇದರ ಜೊತೆಗೆ, 2021ರಲ್ಲಿ ಹೊಸ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ಪದವಿಗೆ ಪಠ್ಯ ಬದಲಿಸಿದ ರಾಜ್ಯ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿ ಪಠ್ಯ ಬದಲಿಸಿತು. ಎರಡು ಸಲವೂ ಪಾಠದ ಟಿಪ್ಪಣಿಗಳನ್ನು ಮೊದಲಿಂದ ಬರೆದವರು ಯಾರು? ಈ ಗಂಟೆಗಳು ಶಿಸ್ತುವಾದಿಗಳ ಲೆಕ್ಕದಲ್ಲಿ ಎಲ್ಲಿ ಕೂತಿವೆ?

ಮೂರನೆಯದು ಯಂತ್ರದ ಮೇಲಿನ ಭಕ್ತಿ: ಬಯೋಮೆಟ್ರಿಕ್ ಹಾಕಿ, ಎಲ್ಲ ಸರಿಹೋಗುತ್ತದೆ. ಯಂತ್ರಕ್ಕೆ ನನ್ನ ವಿರೋಧವಿಲ್ಲ. ಸಂಬಳ ಪಡೆಯುವವರು ಬಂದದ್ದನ್ನು ದಾಖಲಿಸುವುದರಲ್ಲಿ ಅವಮಾನವೇನೂ ಇಲ್ಲ, ಹಾಗೆ ಗೋಳಾಡುವ ಅಧ್ಯಾಪಕ ಸಂಘಗಳ ಪರ ನಾನು ವಕಾಲತ್ತು ವಹಿಸುವುದೂ ಇಲ್ಲ. ಆದರೆ ಯಂತ್ರಕ್ಕೆ ತಿಳಿಯುವುದು ಹೆಬ್ಬೆಟ್ಟು ಬಂತೇ ಎಂಬುದು ಮಾತ್ರ. ಹೆಬ್ಬೆಟ್ಟಿನ ಜೊತೆ ಬಂದ ಮನುಷ್ಯ ತರಗತಿಗೆ ಹೋದನೇ, ಹೋಗಿ ಹತ್ತು ವರ್ಷದ ಹಿಂದಿನ ನೋಟ್ಸನ್ನೇ ಬರೆಸಿದನೇ ಎಂಬುದು ಅದಕ್ಕೆ ತಿಳಿಯದು. ಬೆಳಿಗ್ಗೆ ಹತ್ತಕ್ಕೆ ಒತ್ತಿ, ಸ್ಟಾಫ್ ರೂಮಿನಲ್ಲಿ ಪತ್ರಿಕೆ ಓದಿ, ಸಂಜೆ ಒತ್ತಿ ಹೋದವನು ಯಂತ್ರದ ಕಣ್ಣಿಗೆ ಆದರ್ಶ ಶಿಕ್ಷಕ. ಇಡೀ ಮಧ್ಯಾಹ್ನ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ ಹೊಯ್ಸಳೇಶ್ವರದ ಗೋಡೆಯ ಮುಂದೆ ಶಿಲ್ಪದ ಪಾಠ ಹೇಳಿದವನು ಗೈರುಹಾಜರಿಗೆ ಕಾರಣ ಬರೆದುಕೊಡಬೇಕು. ಪಾಠವನ್ನು ಅಳೆಯುವ ದಾರಿಗಳು ಬೇರೆ ಇವೆ: ವಿದ್ಯಾರ್ಥಿಗಳ ಗುಪ್ತ ಅಭಿಪ್ರಾಯ, ಪಾಠಯೋಜನೆಯ ಪರಿಶೀಲನೆ, ಪ್ರಾಂಶುಪಾಲರು ಹೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವುದು. ಇವಕ್ಕೆ ಟೆಂಡರ್ ಕರೆಯಬೇಕಿಲ್ಲ. ಇವು ಯಾರ ಬಾಯಲ್ಲೂ ಬಾರದಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ನಾಲ್ಕನೆಯದು ಅವಸರದ ವಾದ: ವಿಚಾರಣೆ, ನೋಟಿಸು ಎಂದು ವರ್ಷಗಟ್ಟಲೆ ಎಳೆಯುತ್ತಾರೆ, ತಪ್ಪು ಕಂಡ ದಿನವೇ ಕಿತ್ತುಹಾಕಿ. ಮೊದಲು, ಎಳೆಯುವವರು ಯಾರೆಂದು ನೋಡೋಣ. ದೋಷಾರೋಪಣ ಪತ್ರವೆಂದರೆ ನಾಲ್ಕು ಅನುಬಂಧಗಳ ಕಾಗದ: ಒಂದರಲ್ಲಿ ಆಪಾದನೆ, ಎರಡರಲ್ಲಿ ಅದರ ವಿವರ, ಮೂರರಲ್ಲಿ ದಾಖಲೆಗಳ ಪಟ್ಟಿ, ನಾಲ್ಕರಲ್ಲಿ ಸಾಕ್ಷಿಗಳ ಪಟ್ಟಿ. ಇದನ್ನು ಬರೆಯಬೇಕಾದದ್ದು ಇಲಾಖೆ, ಆರೋಪಿತ ಅಧ್ಯಾಪಕನಲ್ಲ. ಅಮಾನತು ಮಾಡಿದ ಮೂರು ತಿಂಗಳೊಳಗೆ ಇದನ್ನು ಕೊಡದಿದ್ದರೆ ಅಮಾನತು ಮುಂದುವರಿಸುವಂತಿಲ್ಲ ಎಂದು 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು ಇಲಾಖೆಗಳ ಸೋಮಾರಿತನ ಕಂಡೇ. ಅದೇ ವರ್ಷ ಪ್ರೇಮನಾಥ ಬಾಲಿ ಪ್ರಕರಣದಲ್ಲಿ, ಇಲಾಖಾ ವಿಚಾರಣೆ ಆರು ತಿಂಗಳಲ್ಲಿ, ತಪ್ಪಿದರೆ ಒಂದು ವರ್ಷದಲ್ಲಿ ಮುಗಿಯಬೇಕೆಂದೂ ಹೇಳಿತು. ಅಂದರೆ ಬೇಗ ಮುಗಿಸಲು ದಾರಿ ಇದೆ. ಆ ದಾರಿಯಲ್ಲಿ ನಡೆಯದವರೇ ಈಗ ಅದನ್ನು ಮುಚ್ಚಿ ಎನ್ನುತ್ತಿದ್ದಾರೆ.

ಅವಸರದ ಫಲ ನೋಡಲು ಪಕ್ಕದ ಗೋವಾಕ್ಕೆ ಹೋದರೆ ಸಾಕು. ಅಲ್ಲಿನ ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರೊಬ್ಬರ ಮೇಲೆ ವಿದ್ಯಾರ್ಥಿನಿಯರು 2009ರಲ್ಲಿ ಲೈಂಗಿಕ ಕಿರುಕುಳದ ದೂರು ಕೊಟ್ಟರು. ಸಮಿತಿ ಧಾವಂತದಲ್ಲಿ ವಿಚಾರಣೆ ಮುಗಿಸಿತು, ವಿಶ್ವವಿದ್ಯಾಲಯ ಅವರನ್ನು ವಜಾ ಮಾಡಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಜಾ ಆದೇಶವನ್ನು ರದ್ದು ಮಾಡಿ, ವಿಚಾರಣೆಯನ್ನು ಹಿಂದಿನ ಹಂತಕ್ಕೆ ವಾಪಸು ಕಳಿಸಿತು. ಸಹಜ ನ್ಯಾಯದ ಪಾಲನೆ ಆಗಿಲ್ಲ, ತನ್ನ ಮಾತು ಹೇಳಿಕೊಳ್ಳಲು ಆರೋಪಿತನಿಗೆ ಸಾಕಷ್ಟು ಅವಕಾಶ ಸಿಕ್ಕಿಲ್ಲ ಎಂಬುದು ಕಾರಣ. ಈ ತೀರ್ಪಿನಿಂದ ಹೆಚ್ಚು ನೊಂದವರು ಯಾರು? ದೂರು ಕೊಟ್ಟ ಹೆಣ್ಣುಮಕ್ಕಳು. ಹದಿನಾಲ್ಕು ವರ್ಷ ಕಳೆದರೂ ಅವರಿಗೆ ಅಂತಿಮ ತೀರ್ಮಾನ ದಕ್ಕಲಿಲ್ಲ. ಸರಿಯಾದ ವಿಚಾರಣೆ ಬೇಕೆನ್ನುವವರು ತಪ್ಪಿತಸ್ಥರ ಪರ ಎಂದು ಛೇಡಿಸುವವರು ಈ ಪ್ರಕರಣದ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ. ಅದೇ ತೀರ್ಪಿನಲ್ಲಿ ನ್ಯಾಯಾಲಯ, ವಿಶ್ವವಿದ್ಯಾಲಯಗಳೂ ಸೇರಿದಂತೆ ಎಲ್ಲೆಡೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿಗಳು ರಚನೆಯಾಗಿವೆಯೇ ಎಂದು ಪರಿಶೀಲಿಸಲು ಸರ್ಕಾರಗಳಿಗೆ ಹೇಳಿತು. ಕಾಯ್ದೆ ಬಂದು ಹತ್ತು ವರ್ಷವಾದ ಮೇಲೆ! ಗಲ್ಲಿಗೇರಿಸಿ ಎಂದು ವೇದಿಕೆಯ ಮೇಲೆ ಕೂಗುವ ಶಿಸ್ತುವಾದಿಗಳು ತಮ್ಮೂರಿನ ಕಾಲೇಜಿನಲ್ಲಿ ಆ ಸಮಿತಿಯ ಸದಸ್ಯರ ಹೆಸರು ಗೋಡೆಯ ಮೇಲೆ ಇದೆಯೇ ಎಂದು ಒಮ್ಮೆ ಹೋಗಿ ನೋಡಿದ್ದರೆ ಹೆಚ್ಚು ಉಪಕಾರವಾಗುತ್ತಿತ್ತು.

ಐದನೆಯದು ಅನ್ನದ ವಾದ: ಸರ್ಕಾರದ ಅನ್ನ ತಿಂದು ಸರ್ಕಾರವನ್ನೇ ಟೀಕಿಸುವುದು ಅಶಿಸ್ತು. ಈ ಅನ್ನ ಯಾವ ಮಂತ್ರಿಯ ಮನೆಯಿಂದಲೂ ಬಂದದ್ದಲ್ಲ. ಅರಸೀಕೆರೆಯ ತೆಂಗು ಬೆಳೆಗಾರನೂ ಬೇಲೂರಿನ ಕಾಫಿ ತೋಟದ ಕೂಲಿಯೂ ಬೆಂಕಿಪೊಟ್ಟಣ ಕೊಂಡಾಗಲೂ ಕಟ್ಟಿದ ತೆರಿಗೆಯಿಂದ ಬಂದದ್ದು. ಅನ್ನದ ಋಣ ಯಾರಿಗೆ ಎಂದು ಕೇಳಿದರೆ ಉತ್ತರ ಅಲ್ಲೇ ಇದೆ. ಕಾನೂನಿನ ಮಾತಿಗೆ ಬಂದರೆ, ಸರ್ಕಾರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ನೌಕರನ ಮೂಲಭೂತ ಹಕ್ಕುಗಳು ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಹೇಳಿ, ಶಾಂತ ಪ್ರದರ್ಶನವನ್ನೂ ನಿಷೇಧಿಸಿದ್ದ ಬಿಹಾರದ ನಿಯಮವನ್ನು ಅಷ್ಟರಮಟ್ಟಿಗೆ ಹೊಡೆದುಹಾಕಿತು. ಮುಷ್ಕರ ಮಾತ್ರ ಹಕ್ಕಲ್ಲ ಎಂದಿತು, ಅದನ್ನೂ ಮುಚ್ಚಿಡುವುದಿಲ್ಲ. 2020ರಲ್ಲಿ ತ್ರಿಪುರಾ ಹೈಕೋರ್ಟು ಸರ್ಕಾರಿ ನೌಕರರ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಮತ್ತೆ ಎತ್ತಿಹಿಡಿಯಿತು. ಇಷ್ಟಾದ ಮೇಲೂ, 2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲ್ಲೂಕಿನ ಶಾಲಾ ಶಿಕ್ಷಕರೊಬ್ಬರು ಮುಖ್ಯಮಂತ್ರಿಗಳ ಕಾಲದ ಸಾಲದ ಲೆಕ್ಕವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದ್ದಕ್ಕೆ ಅಮಾನತಾದರು. ಪಾಠ ಮಾಡದವನ ಫೈಲು ವರ್ಷಗಟ್ಟಲೆ ಮಲಗಿರುವ ವ್ಯವಸ್ಥೆಯಲ್ಲಿ ಮಾತಾಡಿದವನ ಫೈಲಿಗೆ ಮಾತ್ರ ರೆಕ್ಕೆ ಬರುತ್ತದೆ. ಶಿಸ್ತಿನ ಕೂಗಿನ ಹಿಂದೆ ಏನಿದೆ ಎಂಬುದಕ್ಕೆ ಈ ವೇಗದ ವ್ಯತ್ಯಾಸಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲೇ ಶಿಸ್ತುವಾದಿಗಳು ಇನ್ನೊಂದು ಮಗ್ಗುಲಿಗೆ ಹೊರಳುತ್ತಾರೆ: ಶಾಲೆಯ ಶಿಕ್ಷಕರ ಮಾತು ಬಿಡಿ, ವಿಶ್ವವಿದ್ಯಾಲಯದವರಾದರೂ ರಾಜಕೀಯದಿಂದ ದೂರ ಇರಬೇಡವೇ? ಹಾಗಿದ್ದರೆ ಕನ್ನಡ ನಾಡು ಕಳೆದುಕೊಳ್ಳುತ್ತಿದ್ದುದರ ಪಟ್ಟಿ ಮಾಡಲಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಚಂದ್ರಶೇಖರ ಪಾಟೀಲರು ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡವರು. ಮುಂದೆ ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿ ನಿಂತರು, ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರೂ ಆದರು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜು ಮೇಷ್ಟ್ರು. ಇಂದು ವೇದಿಕೆಗಳ ಮೇಲೆ ಇವರ ಭಾವಚಿತ್ರಕ್ಕೆ ಹಾರ ಹಾಕುವವರೇ, ಇವರ ದಾರಿಯಲ್ಲಿ ಬಾಯಿ ತೆರೆದ ಅಧ್ಯಾಪಕನಿಗೆ ನೋಟಿಸು ಕೊಡಿಸುತ್ತಾರೆ. ಎರಡರಲ್ಲಿ ಒಂದು ಮಾತ್ರ ನಿಜವಾಗಿರಲು ಸಾಧ್ಯ. ಇನ್ನೂ ಸ್ವಾರಸ್ಯದ ವಿರೋಧಾಭಾಸ ಹಣದ್ದು. ವಿಶ್ವವಿದ್ಯಾಲಯ ಕೈಚಾಚಿದರೆ ನೀವು ಸ್ವಾಯತ್ತರು, ಸಂಪನ್ಮೂಲ ನೀವೇ ಹುಟ್ಟಿಸಿಕೊಳ್ಳಿ ಎನ್ನುತ್ತಾರೆ. ಅಲ್ಲಿನ ಅಧ್ಯಾಪಕ ಬಾಯಿಬಿಟ್ಟರೆ ನೀವು ಸರ್ಕಾರಿ ನೌಕರರು ಎನ್ನುತ್ತಾರೆ. ನಮ್ಮ ಹಾಸನ ವಿಶ್ವವಿದ್ಯಾಲಯವನ್ನೇ ನೋಡಿ. ಮೈಸೂರು ವಿಶ್ವವಿದ್ಯಾಲಯದ ಹೇಮಗಂಗೋತ್ರಿಯಲ್ಲಿ ಫಲಕ ಬದಲಿಸಿ, ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂದೆಂದು 2023ರಲ್ಲಿ ಉದ್ಘಾಟಿಸಿದರು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚಬಹುದೆಂದ ಒಂಬತ್ತರ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಎರಡೇ ವರ್ಷದಲ್ಲಿ ತೆರೆದು ಮುಚ್ಚಲು ಹೊರಟವರು ಅಧ್ಯಾಪಕರಿಗೆ ಹೊಣೆಗಾರಿಕೆಯ ಪಾಠ ಹೇಳುತ್ತಾರೆ.

ಆರನೆಯದು ತಮ್ಮ ಬ್ರಹ್ಮಾಸ್ತ್ರವೆಂದು ಅವರು ನಂಬಿದ ವಾದ: ಅತಿಥಿ ಉಪನ್ಯಾಸಕರನ್ನು ನೋಡಿ ಕಲಿಯಿರಿ, ಕಡಿಮೆ ಸಂಬಳಕ್ಕೆ ಬಾಯಿ ಮುಚ್ಚಿಕೊಂಡು ಪಾಠ ಮಾಡುತ್ತಾರೆ. ಬಾಯಿ ಮುಚ್ಚಿಕೊಂಡು ಎಂಬುದನ್ನು ಅವರೇ ಒಪ್ಪಿಕೊಂಡದ್ದು ಒಳ್ಳೆಯದಾಯಿತು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಬಹುಭಾಗ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಅವರನ್ನು ತೆಗೆಯಲು ದೋಷಾರೋಪಣ ಪತ್ರ ಬೇಕಿಲ್ಲ, ನೋಟಿಸು ಬೇಕಿಲ್ಲ. ಮುಂದಿನ ಸೆಮಿಸ್ಟರಿನ ಪಟ್ಟಿಯಲ್ಲಿ ಹೆಸರು ಬಿಟ್ಟರೆ ಆಯಿತು. 2022ರ ಜನವರಿಯವರೆಗೆ ತಿಂಗಳಿಗೆ 11ರಿಂದ 13 ಸಾವಿರ ಗೌರವಧನಕ್ಕೆ ದುಡಿದವರು ಇವರು. ಆಗ ಅದನ್ನು 26ರಿಂದ 32 ಸಾವಿರಕ್ಕೆ ಏರಿಸಿದ ಸರ್ಕಾರ ಜೊತೆಗೇ ವಾರಕ್ಕೆ 15 ಗಂಟೆ ಕಾರ್ಯಭಾರ ನಿಗದಿ ಮಾಡಿತು. ಇಬ್ಬರ ಪಾಠ ಒಬ್ಬರಿಗೆ ಬಂದಲ್ಲೆಲ್ಲ ಇನ್ನೊಬ್ಬರು ಮನೆಗೆ ಹೋದರು. ಸಾಕಾಗಿ 2023ರ ಕೊನೆಯಲ್ಲಿ ತರಗತಿ ಬಿಟ್ಟು ಬೀದಿಗಿಳಿದರು. ಹೊಸ ವರ್ಷದಲ್ಲಿ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಬೇಡಿಕೆಯಲ್ಲಿ ಮೊದಲನೆಯದು ಸೇವಾ ಭದ್ರತೆ. ಶಿಸ್ತುವಾದಿಗಳ ಸಿದ್ಧಾಂತ ನಿಜವಾಗಿದ್ದರೆ, ಅಂದರೆ ಕೆಲಸ ಹೋಗುವ ಭಯವೇ ಒಳ್ಳೆಯ ಪಾಠದ ತಾಯಿಯಾಗಿದ್ದರೆ, ಅತಿಥಿ ಉಪನ್ಯಾಸಕರೇ ತುಂಬಿದ ಕಾಲೇಜುಗಳು ನಾಡಿನ ಅತ್ಯುತ್ತಮ ಕಾಲೇಜುಗಳಾಗಿರಬೇಕಿತ್ತು. ತಮ್ಮ ಮಕ್ಕಳನ್ನು ಅಲ್ಲಿಗೇ ಸೇರಿಸಿದ ಶಿಸ್ತುವಾದಿ ಎಷ್ಟು ಮಂದಿ? ಎಳ್ಳಷ್ಟೂ ರಕ್ಷಣೆಯಿಲ್ಲದ ಉಪನ್ಯಾಸಕಿ ಪ್ರಾಂಶುಪಾಲರ ಕಡೆಯ ಹುಡುಗನನ್ನು ಫೇಲು ಮಾಡುವ ಧೈರ್ಯ ತೋರುತ್ತಾಳೆಯೇ? ನಕಲು ಹೊಡೆಯುವವನನ್ನು ಹಿಡಿಯುತ್ತಾಳೆಯೇ? ಸಂವಿಧಾನದ 311ನೇ ವಿಧಿ ಕಾಯಂ ನೌಕರನಿಗೆ ಕೊಟ್ಟ ರಕ್ಷಣೆ ಸೋಮಾರಿಗಳಿಗೆ ಹಾಸಿದ ಹಾಸಿಗೆಯಲ್ಲ. ಪ್ರಾಮಾಣಿಕನಾದವನು ಬೆನ್ನು ನೆಟ್ಟಗೆ ಮಾಡಿ ನಿಲ್ಲಲಿ ಎಂದು ಕೊಟ್ಟದ್ದು. ಸೋಮಾರಿ ಅದರ ಮರೆಯಲ್ಲಿ ಅಡಗಿದರೆ ಅವನನ್ನು ಹೊರಗೆಳೆಯಲು ಅದೇ ವಿಧಿ ವಿಚಾರಣೆಯ ದಾರಿಯನ್ನೂ ತೋರಿಸಿದೆ.

ಕೊನೆಯದು ವಾದವೂ ಅಲ್ಲ, ಆಪಾದನೆ: ಇಷ್ಟೆಲ್ಲ ಹೇಳುವವರು ಮೇಷ್ಟ್ರುಗಳ ಲಾಬಿಯವರು. ಸರಿ, ಹಾಗಾದರೆ ಶಿಸ್ತನ್ನು ಮೇಷ್ಟ್ರುಗಳಿಗೆ ಮಾತ್ರ ನಿಲ್ಲಿಸದೆ ಮೇಲಿನ ಮೆಟ್ಟಿಲಿಗೂ ಹತ್ತಿಸೋಣ, ಒಪ್ಪಿಗೆಯೇ? ಇತ್ತೀಚಿನ ದಶಕಗಳಲ್ಲಿ ಕರ್ನಾಟಕದ ಉನ್ನತ ಶಿಕ್ಷಣಕ್ಕೆ ಬಿದ್ದ ದೊಡ್ಡ ಏಟುಗಳಲ್ಲಿ ಒಂದು ರಾಜ್ಯ ಮುಕ್ತ ವಿಶ್ವವಿದ್ಯಾಲಯದ್ದು. ರಾಜ್ಯದ ಗಡಿಯಾಚೆಗೆ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸುಗಳನ್ನು ಹಬ್ಬಿಸಿದ್ದಕ್ಕೆ, ಹಿಂದಿನ ವರ್ಷಗಳಿಗೂ ಅನ್ವಯವಾಗುವಂತೆ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಘೋಷಿಸಿತು. ಮಾನ್ಯತೆ ಮರಳಲು 2018 ಬಂತು. ಪದವಿ ಹಿಡಿದು ಕೆಲಸ, ಬಡ್ತಿಗೆ ಅಲೆದವರು ವಿದ್ಯಾರ್ಥಿಗಳು. ಆ ನಿರ್ಧಾರ ಹತ್ತು ನಿಮಿಷ ತಡವಾಗಿ ತರಗತಿಗೆ ಬಂದ ಯಾವ ಸಹಾಯಕ ಪ್ರಾಧ್ಯಾಪಕನದೂ ಅಲ್ಲ. ಕುಲಪತಿ ನೇಮಕ, ಸಿಂಡಿಕೇಟ್ ನಾಮನಿರ್ದೇಶನ, ವರ್ಗಾವಣೆಯ ಶಿಫಾರಸು, ಖಾಲಿ ಬಿಟ್ಟ ಹುದ್ದೆ, ಇವುಗಳಲ್ಲಿ ಯಾವುದೂ ಹೆಬ್ಬೆಟ್ಟಿನ ಯಂತ್ರದ ಮುಂದೆ ಹಾಯುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನೇ ಶಿಸ್ತುವಾದಿಗಳು ಆಡಳಿತ ನೀತಿ ಎಂದು ಕರೆಯುತ್ತಿದ್ದಾರೆ.

ಆದ್ದರಿಂದ ಅವರ ಪ್ರಾಮಾಣಿಕತೆಗೆ ಮೂರು ಪರೀಕ್ಷೆ ಒಡ್ಡುತ್ತೇನೆ. ಪಾಠ ಮಾಡದ ಅಧ್ಯಾಪಕನ ಮೇಲೆ ಇರುವ ನಿಯಮದಡಿ ಒಂದು ವರ್ಷದೊಳಗೆ ವಿಚಾರಣೆ ಮುಗಿಸದ ಮೇಲಧಿಕಾರಿಯೂ ಅದೇ ನಿಯಮದಡಿ ಉತ್ತರ ಕೊಡಬೇಕು, ಇದಕ್ಕೆ ಸಿದ್ಧರೇ? ತರಗತಿಯ ಕರ್ತವ್ಯಲೋಪವನ್ನೂ ಸರ್ಕಾರದ ಟೀಕೆಯನ್ನೂ ಎರಡು ಬೇರೆ ಫೈಲುಗಳಲ್ಲಿ ಇಟ್ಟು, ಮೊದಲನೆಯದನ್ನು ಬೇಗ ನಡೆಸಿ ಎರಡನೆಯದನ್ನು ಮುಚ್ಚಲು ಒಪ್ಪುತ್ತೀರೇ? ಅತಿಥಿ ಉಪನ್ಯಾಸಕರನ್ನು ತೆಗೆಯುವ ಮೊದಲು ಕಾರಣ ಬರೆದು ಕೊಡಬೇಕು, ಅವರ ಉತ್ತರ ಕೇಳಬೇಕು ಎಂಬ ನಿಯಮಕ್ಕೆ ದನಿಗೂಡಿಸುತ್ತೀರೇ? ಮೂರಕ್ಕೂ ಹೌದು ಎಂದರೆ ನಮ್ಮ ನಡುವೆ ಜಗಳವೇ ಇಲ್ಲ, ನಾನೂ ಶಿಸ್ತುವಾದಿಯೇ. ಇಲ್ಲ ಎಂದರೆ, ಅವರು ಬೇಡುತ್ತಿರುವುದು ಅಧೀನತೆ. ಅದನ್ನು ಅದರ ಹೆಸರಿನಲ್ಲೇ ಕೇಳಲಿ. ಆಗ ಓದುಗರು ತೀರ್ಪು ಬರೆಯಲು ಹೆಚ್ಚು ಹೊತ್ತು ತೆಗೆದುಕೊಳ್ಳಲಾರರು.